ಬೆಳ್ಳಿಯ ಸ್ನಾನದ ನೀರು ಎಲ್ಲಿಗೆ ಹೋಗುತ್ತಿತ್ತು

ನಮ್ಮ ನಾಯಿ ಬೆಳ್ಳಿಗೆ ನಾವು ಮನೆ ಮುಂದಿನ ರಸ್ತೆಯಲ್ಲೇ ಸ್ನಾನ ಮಾಡಿಸುತ್ತಿದ್ದೆವು. ಗೇಟಿಗೆ ಸರಪಳಿ ಬಿಗಿದು, ಅರ್ಧ ಬಕೆಟ್ ನೀರಿಗೆ ಉಣ್ಣೆ ಔಷಧಿ ಹನಿಸಿದರೆ ನೀರೆಲ್ಲ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಅದನ್ನು ಮಗ್ಗಿನಲ್ಲಿ ಮೊಗೆದು ಬೆನ್ನಿಗೆ, ಹೊಟ್ಟೆಯಡಿಗೆ, ಕಾಲ್ಬೆರಳ ಸಂದಿಗೆ ಸುರಿದು, ತೊಳೆಯದೆ ಹಾಗೇ ಒಣಗಲು ಬಿಡಬೇಕು. ಕಣ್ಣಿಗೆ ಬೀಳಬಾರದು, ಮೈ ಒಣಗುವವರೆಗೆ ನೆಕ್ಕಿಕೊಳ್ಳಬಾರದು. ಈ ಎರಡು ವಿಷಯದಲ್ಲಿ ನಾನು ತುಂಬ ಜಾಗ್ರತೆ ಮಾಡುತ್ತಿದ್ದೆ. ಬಕೆಟ್ಟಿನಲ್ಲಿ ಉಳಿದ ಬಿಳಿ ನೀರನ್ನು ಮಾತ್ರ ಯೋಚನೆಯೇ ಇಲ್ಲದೆ ಚರಂಡಿಗೆ ಚೆಲ್ಲಿಬಿಡುತ್ತಿದ್ದೆ.

2022ರ ಜೂನ್ ತಿಂಗಳು. ಮೋಡ ಕವಿದ ಭಾನುವಾರ. ಮಗಳು ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದವಳು ಅವಳು.

“ಅಮ್ಮಾ, ಈ ಚರಂಡಿ ಎಲ್ಲಿಗೆ ಹೋಗತ್ತೆ ಹೇಳು?”

“ಎಲ್ಲೋ ಒಂದು ಕಡೆ ಹೋಗತ್ತೆ ಬಿಡೇ.”

“ಎಲ್ಲೋ ಅಲ್ಲ. ಇದು ಮಳೆನೀರಿನ ಚರಂಡಿ. ಒಂದು ಜೋರು ಮಳೆ ಬಂದ್ರೆ ಸೀದಾ ಕೆರೆಗೆ.”

ನಮ್ಮ ಮನೆ ಇರುವುದು ಮೈಸೂರಿನ ರಾಮಕೃಷ್ಣನಗರದ ಆಚೆ ತುದಿಯಲ್ಲಿ. ಅಲ್ಲಿಂದ ಲಿಂಗಾಂಬುಧಿ ಕೆರೆಗೆ ನಡೆದೇ ಹೋಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ ಅದು. ನಾನು ಬೆಳಿಗ್ಗೆ ಆರಕ್ಕೆ ಎದ್ದು ಆ ಕೆರೆಯ ಸುತ್ತ ನಡೆದು ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂರುವವಳು. ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುವುದನ್ನು ನೋಡಿದರೆ ಇಡೀ ದಿನಕ್ಕೆ ಕಣ್ಣು ತಂಪು. ಆ ಕೆರೆಗೇ ನಾನು ಹದಿನೈದು ದಿನಕ್ಕೊಮ್ಮೆ ಹುಳ ಕೊಲ್ಲುವ ವಿಷವನ್ನು ಕಳಿಸುತ್ತಿದ್ದೆ. ಡಬ್ಬಿ ತೆಗೆದು ಓದಿದೆ. ಮೀನಿಗೆ ಅಪಾಯಕಾರಿ, ಕೆರೆ ಕಾಲುವೆಗೆ ಸೇರಿಸಬಾರದು ಅಂತ ಅದರಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಎರಡು ವರ್ಷ ಅದೇ ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದರೂ ನಾನು ಓದಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮಗಳು ಇನ್ನೊಂದು ವಿಷಯ ಹೇಳಿದಳು. ಇಂಗ್ಲೆಂಡಿನಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು 20 ನದಿಗಳ ನೀರಿನ ಪರೀಕ್ಷೆಯ ಲೆಕ್ಕ ತೆಗೆದು ನೋಡಿದರಂತೆ. ನಾಯಿ ಬೆಕ್ಕುಗಳ ಕುತ್ತಿಗೆಗೆ ಹನಿ ಹಾಕುವ ಚಿಗಟದ ಔಷಧಿಯಲ್ಲಿರುವ ಫಿಪ್ರೊನಿಲ್ ಶೇಕಡಾ 98ರಷ್ಟು ಮಾದರಿಗಳಲ್ಲಿ ಸಿಕ್ಕಿತಂತೆ. 2020ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಬೆಳೆಗಳಿಗೆ ಅದನ್ನು ಹೊಡೆಯುವುದು ಆಗಲೇ ನಿಂತುಹೋಗಿತ್ತು. ಅಂದಮೇಲೆ ನದಿಗೆ ಬಂದದ್ದು ಸಾಕಿದ ಪ್ರಾಣಿಗಳ ಮೈಯಿಂದ, ಅವುಗಳ ಹಾಸಿಗೆ ತೊಳೆದ ನೀರಿನಿಂದ, ಅವುಗಳನ್ನು ಸವರಿದ ಜನರ ಕೈ ತೊಳೆದ ನೀರಿನಿಂದ.

ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಈ ಮನೆಯಲ್ಲಿ ಯಾವ ರಾಸಾಯನಿಕವೂ ಬೇಡ. ಆ ತೀರ್ಮಾನದಲ್ಲಿ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು. ತಪ್ಪಿನ ಬೆಲೆಯನ್ನು ಬೆಳ್ಳಿ ಕೊಟ್ಟಳು. ನನ್ನ ಹಾಗೆ ಒಳ್ಳೆಯ ಮನಸ್ಸಿನಿಂದಲೇ ಈ ದಾರಿಗೆ ಇಳಿಯುವವರಿಗೆ ಗೊತ್ತಿರಲಿ ಅಂತ ಮುಂದಿನದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಬೆಳ್ಳಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಕಂದು ಮೈ, ಎದೆಯ ಮೇಲೆ ಬೆಳ್ಳಿ ಪದಕದ ಹಾಗೆ ಒಂದು ಬಿಳಿ ಮಚ್ಚೆ. ಕಟ್ಟಡ ಕೆಲಸದ ಮರಳಿನ ಗುಡ್ಡೆಯಲ್ಲಿ ಒಂಟಿಯಾಗಿ ಉಳಿದಿದ್ದ ಮರಿಯನ್ನು ನಮ್ಮ ಮನೆಯವರು ಲುಂಗಿಯಲ್ಲಿ ಸುತ್ತಿ ತಂದಿದ್ದರು. ನಾಡಿನ ನಾಯಿ ಗಟ್ಟಿ, ಅದಕ್ಕೆ ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳುವುದನ್ನು ನಾನೂ ನಂಬಿದ್ದೆ. ಔಷಧಿಯ ಡಬ್ಬಿ ಎತ್ತಿಟ್ಟು, ಬೇವಿನೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ವಾರಕ್ಕೆರಡು ಸಲ ಹಚ್ಚತೊಡಗಿದೆ. ಮನೆಯೆಲ್ಲ ಕಹಿ ವಾಸನೆ. ಮೊದಲ ತಿಂಗಳು ಉಣ್ಣೆ ಕಡಿಮೆಯಾದಂತೆ ಕಂಡಿತು. ಆಮೇಲೆ ಮಳೆ ಬಿಟ್ಟು ಬಿಸಿಲು ಬಂತು. ಕಿವಿಯ ಮಡಿಕೆಯೊಳಗೆ, ಕುತ್ತಿಗೆ ಪಟ್ಟಿಯ ಕೆಳಗೆ ಒಂದೆರಡು ಕಾಣುತ್ತಿದ್ದವು. ಕಿತ್ತು ಹಾಕುತ್ತಿದ್ದೆ. ಎಣ್ಣೆ ಸಾಲದೇನೋ ಅಂತ ಇನ್ನಷ್ಟು ಹಚ್ಚುತ್ತಿದ್ದೆ.

ದಸರೆ ಮುಗಿದ ವಾರ ಬೆಳ್ಳಿ ಊಟ ಬಿಟ್ಟಳು. ಗೇಟಿನ ಸದ್ದಾದರೂ ಏಳಲಿಲ್ಲ. ಎರಡನೇ ದಿನ ಮೂಗಿನ ಒಂದು ಹೊಳ್ಳೆಯಿಂದ ತೆಳ್ಳಗೆ ರಕ್ತ ಬಂತು. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ವಸಡು ಬೂದಿಯ ಹಾಗೆ ಬಿಳಚಿಕೊಂಡಿತ್ತು. ಆಟೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಡಾಕ್ಟರ ಹತ್ತಿರ ಓಡಿದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38,000. ಆರೋಗ್ಯವಾಗಿರುವ ನಾಯಿಗೆ ಅದು ಎರಡು ಲಕ್ಷದ ಮೇಲಿರಬೇಕು. ಎರ್ಲಿಕಿಯಾ ಅನ್ನುವ ರೋಗಾಣು, ಉಣ್ಣೆ ಕಚ್ಚಿದಾಗ ಅದರ ಎಂಜಲಿನಿಂದ ರಕ್ತಕ್ಕೆ ಬರುವಂಥದ್ದು. ಉಣ್ಣೆ ಜ್ವರ ಅನ್ನುವುದು ಇದನ್ನೇ.

ಡಾಕ್ಟರು ವಯಸ್ಸಾದವರು, ಮಿತ ಮಾತಿನವರು. ನಾನು ಬೇವಿನೆಣ್ಣೆಯ ಕತೆ ಹೇಳಿದಾಗ ಬಯ್ಯಲಿಲ್ಲ. “ನಿಮ್ಮ ಯೋಚನೆ ತಪ್ಪಲ್ಲ ಕಣಮ್ಮ. ಆದ್ರೆ ಬೇವಿನೆಣ್ಣೆ ಉಣ್ಣೇನ ಸ್ವಲ್ಪ ಹೊತ್ತು ದೂರ ಇಡತ್ತೆ, ಅಷ್ಟೇ. ಒಂದೇ ಒಂದು ಉಣ್ಣೆ ಕೆಲವು ಗಂಟೆ ಕಚ್ಚಿಕೊಂಡಿದ್ರೆ ಸಾಕು, ಜ್ವರ ಹತ್ತತ್ತೆ” ಅಂದರು. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ಮೊದಲ ನಾಲ್ಕು ದಿನ ಡ್ರಿಪ್ಪು. ಆ ನಾಲ್ಕು ದಿನ ನಾನು ಹೊಲಿಗೆ ಮುಟ್ಟಲಿಲ್ಲ. ದೀಪಾವಳಿಗೆ ಅಂತ ಒಪ್ಪಿಕೊಂಡಿದ್ದ ಬ್ಲೌಸುಗಳು ಹಾಗೇ ಬಿದ್ದಿದ್ದವು.

ಐದನೇ ದಿನ ಬೆಳ್ಳಿ ಬಾಲದ ತುದಿಯನ್ನು ಎರಡು ಸಲ ನೆಲಕ್ಕೆ ಬಡಿದಳು. ನಮ್ಮತ್ತೆ ದೇವರ ಮನೆಯಿಂದಲೇ “ಎದ್ಲೇನಮ್ಮಾ?” ಅಂತ ಕೂಗಿ ಕೇಳಿದರು.

ಪೂರ್ತಿ ವಾಸಿಯಾದ ಮೇಲೆ ಡಾಕ್ಟರ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಕೆರೆಗೂ ವಿಷ ಹೋಗಬಾರದು, ನಾಯಿಗೂ ಜ್ವರ ಬರಬಾರದು, ಇದಕ್ಕೆ ದಾರಿ ಇದೆಯೇ? ಅವರು ಹೇಳಿದ ಒಂದು ಮಾತಿನಿಂದ ನನ್ನ ಲೆಕ್ಕವೆಲ್ಲ ತಿರುಗಿಹೋಯಿತು. ನಾಯಿಯ ಮೈಮೇಲೆ ಕಾಣುವ ಉಣ್ಣೆ ಮನೆಯಲ್ಲಿರುವ ಉಣ್ಣೆಯಲ್ಲಿ ತೀರಾ ಸಣ್ಣ ಪಾಲು. ಉಳಿದವೆಲ್ಲ ಇರುವುದು ಗೋಡೆಯಲ್ಲಿ. ಹೆಣ್ಣು ಉಣ್ಣೆ ರಕ್ತ ಕುಡಿದು ಹುಣಸೆ ಬೀಜದಷ್ಟು ಊದಿಕೊಂಡ ಮೇಲೆ ಕೆಳಗೆ ಬಿದ್ದು, ಯಾವುದಾದರೂ ಬಿರುಕಿಗೆ ಸೇರಿ, ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮರಿ ನಾಯಿಯನ್ನು ಹತ್ತಿ ರಕ್ತ ಕುಡಿದು ಬೀಳುತ್ತದೆ, ಬಿರುಕಿನಲ್ಲಿ ಪೊರೆ ಬಿಟ್ಟು ದೊಡ್ಡದಾಗಿ ಮತ್ತೆ ಹತ್ತುತ್ತದೆ, ಮತ್ತೆ ಬೀಳುತ್ತದೆ. ಹೀಗೆ ಮೂರು ಸಲ. ನಡುವೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಇದು ಗೊತ್ತಿಲ್ಲದೆ ನಾನು ನಾಯಿಗೆ ವಿಷ ಸುರಿಯುತ್ತಿದ್ದೆ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಮತ್ತೆ ಮತ್ತೆ ಬೇಕಾಗುತ್ತಿತ್ತು.

ಮನೆಗೆ ಬಂದು ಟಾರ್ಚು ಹಿಡಿದು ನೋಡಿದೆ. ಬೆಳ್ಳಿ ಮಲಗುವುದು ಹಿತ್ತಿಲ ಜಗಲಿಯಲ್ಲಿ. ಹಳೆಯ ಮನೆ ನಮ್ಮದು, ಜಗಲಿಯ ಪಾದದಲ್ಲಿ ಕಲ್ಲಿಗೂ ಗಾರೆಗೂ ನಡುವೆ ಬೆರಳು ಹೋಗುವಷ್ಟು ಸಂದಿ. ಒಳಗೆ ಬೆಳಕು ಬಿಟ್ಟರೆ ಎಳ್ಳಿನ ಹಾಗೆ ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಕೆಲವು ಗೋಡೆ ಹತ್ತಿ ಕಿಟಕಿ ಚೌಕಟ್ಟಿನ ಮೂಲೆಯವರೆಗೂ ಹೋಗಿದ್ದವು. ಉಣ್ಣೆ ಮೇಲಕ್ಕೆ ಹತ್ತುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ನೋಡುತ್ತಿದ್ದದ್ದು ನೆಲವನ್ನು ಮಾತ್ರ.

ಆಮೇಲಿನದು ಮೂರು ವಾರದ ಕೆಲಸ. ಹಂಡೆ ಒಲೆಯಲ್ಲಿ ನೀರು ಕುದಿಸಿ, ಮೂತಿಯಿರುವ ಹಳೆ ಕೆಟಲಿನಿಂದ ಸಂದಿಸಂದಿಗೂ ಸುರಿದೆ. ಎರಡು ದಿನ ಬಿಟ್ಟು ಮತ್ತೆ. ಒಣಗಿದ ಮೇಲೆ ಗಾರೆ ಕೆಲಸದವರನ್ನು ಕರೆಸಿ ಸಿಮೆಂಟಿನಿಂದ ಬಿರುಕು ಮುಚ್ಚಿಸಿ, ಮೇಲೆ ಗಟ್ಟಿಯಾಗಿ ಎರಡು ಕೋಟ್ ಸುಣ್ಣ ಹೊಡೆಸಿದೆ. ಸುಣ್ಣ ಹಸಿಯಿದ್ದಾಗ ನಾಯಿಯ ಪಾದ ಸುಡುತ್ತದೆ, ಆದ್ದರಿಂದ ಅಷ್ಟೂ ದಿನ ಬೆಳ್ಳಿ ಒಳಗೆ, ನನ್ನ ಹೊಲಿಗೆ ಮಿಷನ್ನಿನ ಕೆಳಗೆ. ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆ ಹಂಚು, ಮರದ ಪೆಟ್ಟಿಗೆಗಳನ್ನು ಖಾಲಿ ಮಾಡಿದೆವು. ಅತ್ತೆ ಆಗ ಪಾಂಡವಪುರದ ಕಡೆಯ ತಮ್ಮ ತವರಿನ ಕೊಟ್ಟಿಗೆಯನ್ನು ನೆನೆಸಿಕೊಂಡರು. “ಅಲ್ಲಿ ಉಣ್ಣೆಗೆ ಯಾರೂ ಔಷ್ದಿ ತರ್ತಿರ್ಲಿಲ್ಲ. ಕೋಳಿಗಳು ಹಸಾ ಮಲಗಿದ್ದಾಗ ಬಂದು ಕಾಲಿಂದ, ಕೆಚ್ಚಲ ಪಕ್ಕದಿಂದ ಹೆಕ್ಕಿ ಹೆಕ್ಕಿ ತಿನ್ನೋವು. ಹಸಾನೂ ಸುಮ್ನೆ ಮಲಗಿರೋದು.” ನಮ್ಮ ಹಿತ್ತಿಲಲ್ಲಿ ಕೋಳಿ ಸಾಕುವಷ್ಟು ಜಾಗವಿಲ್ಲ. ಇದ್ದಿದ್ದರೆ ಖಂಡಿತ ಸಾಕುತ್ತಿದ್ದೆ.

ಇನ್ನುಳಿದದ್ದು ದಿನಾ ಸಂಜೆಯ ಕೆಲಸ. ಮಗಳ ತಲೆಗೆ ಹೇನಾದಾಗ ಕೊಂಡಿದ್ದ ಸೀರಣಿಗೆ ಬೀರುವಿನಲ್ಲಿತ್ತು. ಕಾಫಿ ಕುಡಿದಾದ ಮೇಲೆ ಬೆಳ್ಳಿಯನ್ನು ಬಿಳಿ ಪಂಚೆಯ ಮೇಲೆ ಮಲಗಿಸಿ ಕಿವಿಯಿಂದ ಶುರು ಮಾಡುತ್ತೇನೆ. ಕಿವಿಯ ಹೊರಗೆ, ಒಳಗೆ, ಕಣ್ಣಿನ ಸುತ್ತ, ಕುತ್ತಿಗೆ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಬುಡ. ಹತ್ತು ನಿಮಿಷ ಸಾಕು. ಉಣ್ಣೆ ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು. ಉಗುರಲ್ಲಿ ಒತ್ತಿ ಸಾಯಿಸಬಾರದು, ಅದರ ರಕ್ತ ನಮ್ಮ ಕೈಗೆ ಅಂಟಬಾರದು. ಸೋಪಿನ ನೀರಿರುವ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಆಯಿತು. ಮೊದಲ ವಾರ ಬಾಟಲಿಯ ತಳ ಕಪ್ಪಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ವಾರಕ್ಕೆ ಒಂದು, ಎರಡು.

ಔಷಧಿಯನ್ನು ಪೂರ್ತಿ ಬಿಟ್ಟಿಲ್ಲ, ಇದನ್ನು ಹೇಳಲೇಬೇಕು. ಉಣ್ಣೆ ಹೆಚ್ಚುವ ತಿಂಗಳುಗಳಲ್ಲಿ, ತೂಕ ನೋಡಿ ಡಾಕ್ಟರು ಬರೆದುಕೊಡುವ ಮಾತ್ರೆ ನುಂಗಿಸುತ್ತೇನೆ. ಅದು ಮೈಮೇಲಿಂದ ತೊಳೆದು ಚರಂಡಿಗೆ ಹೋಗುವುದಿಲ್ಲ. ಮಲದಲ್ಲಿ ಹೊರಬೀಳುವ ಅಂಶ ಇರುತ್ತದೆ, ಅದಕ್ಕೆ ಮಲವನ್ನು ಬೀದಿಯಲ್ಲಿ, ಕೆರೆ ದಂಡೆಯಲ್ಲಿ ಬಿಡುವುದಿಲ್ಲ. ಬೇವಿನೆಣ್ಣೆಯೂ ಈಗ ಮನೆಯಲ್ಲಿಲ್ಲ. ನಮ್ಮ ಬೆಕ್ಕು ಮುದ್ದಿ ಬೆಳ್ಳಿಯ ಪಕ್ಕದಲ್ಲೇ ಮಲಗುತ್ತಾಳೆ, ಬೆಳ್ಳಿಯ ಕುತ್ತಿಗೆ ನೆಕ್ಕುತ್ತಾಳೆ. ನಾಯಿಗೆ ಹಚ್ಚಿದ್ದು ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಎರಡೂ ಇರುವ ಮನೆಯವರ ನೆನಪಿನಲ್ಲಿರಬೇಕು. ನಾಯಿಗಳಿಗೆಂದು ಮಾರುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಅದು ಪ್ರಾಣಕ್ಕೇ ಕುತ್ತು.

ಸ್ನಾನ ಈಗ ಒಂದೂವರೆ ತಿಂಗಳಿಗೊಮ್ಮೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ವಾರವಾರ ಸೋಪು ಹಾಕಿ ಉಜ್ಜಿದರೆ ಚರ್ಮದ ಎಣ್ಣೆ ಹೋಗಿ ತುರಿಕೆ ಬರುತ್ತದೆ. ನಾವು ಹಚ್ಚಿಕೊಳ್ಳುವ ಸೋಪು ಅವಕ್ಕೆ ಹೊಂದುವುದೂ ಇಲ್ಲ. ಹಿತ್ತಿಲ ತೆಂಗಿನ ಪಾತಿಯಲ್ಲಿ ನಿಲ್ಲಿಸಿ, ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಗೋಣಿಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನೀರು ಬುಡಕ್ಕೆ ಇಂಗುತ್ತದೆ. ಅಂಟುವಾಳದ ಕಾಯಿ ನೆನೆಸಿ ನೊರೆ ಮಾಡಿ ಹಚ್ಚು ಅಂತ ಅತ್ತೆ ಹೇಳಿದ್ದರು, ಎರಡು ಸಲ ಹಚ್ಚಿದೆ. ಕೂದಲು ಚೆನ್ನಾಗಿ ಹೊಳೆಯಿತು, ಆದರೆ ಕಣ್ಣಿಗೆ ತಾಗಿ ಒಂದು ದಿನ ಪೂರ್ತಿ ಕೆಂಪಾಗಿತ್ತು. ಮಗಳು ಇನ್ನೊಂದು ಮಾತು ಸೇರಿಸಿದಳು. ಅಂಟುವಾಳದ ನೊರೆ ಮೀನಿನ ಕಿವಿರಿಗೆ ವಿಷ, ಅದನ್ನು ನೀರಿಗೆ ಬೆರೆಸಿ ಮೀನು ಹಿಡಿಯುವ ಪದ್ಧತಿಯೇ ಇತ್ತಂತೆ. ಗಿಡದಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಚರಂಡಿಗೆ ಬಿಟ್ಟಿದ್ದರೆ ನಾನು ಮತ್ತೆ ಅದೇ ತಪ್ಪು ಮಾಡುತ್ತಿದ್ದೆ. ತೆಂಗಿನ ಬುಡಕ್ಕೆ ಹೋದರೆ ತೊಂದರೆಯಿಲ್ಲ.

ಇನ್ನು ಮಲದ ವಿಚಾರ. ಹೇಳಿಕೊಳ್ಳಲು ಎಲ್ಲರಿಗೂ ಸಂಕೋಚ. ಆದರೆ ನಾಯಿ ಸಾಕಿದ ಮನೆಯಿಂದ ದಿನಾ ತಪ್ಪದೆ ಹೊರಬೀಳುವುದು ಅದೊಂದೇ. ಮೊದಲು ನಾನು ಹಾಲಿನ ಕವರನ್ನು ಕೈಗೆ ಹಾಕಿಕೊಂಡು ಎತ್ತಿ, ಗಂಟು ಕಟ್ಟಿ, ಕಸದ ಗಾಡಿಗೆ ಹಾಕುತ್ತಿದ್ದೆ. ಸ್ವಚ್ಛ ನಗರ ಅಂತ 2015 ಮತ್ತು 2016ರಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಇಲ್ಲಿನ ಹೆಂಗಸರಿಗೆ ಅಭ್ಯಾಸವಾಗಿಬಿಟ್ಟಿದೆ. ಪ್ಲಾಸ್ಟಿಕ್ಕಿನೊಳಗೆ ಗಂಟು ಕಟ್ಟಿದ ನಾಯಿ ಮಲ ಹಸಿಯೂ ಅಲ್ಲ, ಒಣವೂ ಅಲ್ಲ. ಗಾಡಿಯ ಹೆಣ್ಣುಮಗಳು ಒಂದು ದಿನ ಆ ಗಂಟನ್ನು ಬರಿಗೈಯಲ್ಲಿ ಬಿಚ್ಚಿದ್ದನ್ನು ನೋಡಿದೆ. ಪ್ಲಾಸ್ಟಿಕ್ ಬೇರೆ ಮಾಡುವುದು ಅವಳ ಕೆಲಸ. ನನಗೆ ನೆಲ ಕುಸಿದ ಹಾಗಾಯಿತು. ಅವಳು ಏನೂ ಅನ್ನಲಿಲ್ಲ. ಅವಳು ಬಯ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಸಗಣಿ ಗೊಬ್ಬರವಾಗುತ್ತದೆ, ಇದೂ ಆಗಲಿ ಅಂತ ಗುಲಾಬಿ, ಟೊಮೆಟೊ ಗಿಡದ ಬುಡದಲ್ಲಿ ಹೂಳಬಹುದೇ ಎಂದು ಡಾಕ್ಟರನ್ನು ಕೇಳಿದೆ. ಖಡಾಖಂಡಿತ ಬೇಡ ಅಂದರು. ಹಸು ತಿನ್ನುವುದು ಹುಲ್ಲು, ನಾಯಿ ಬೆಕ್ಕು ತಿನ್ನುವುದು ಮಾಂಸ. ಅವುಗಳ ಮಲದಲ್ಲಿ ಜಂತುಹುಳುಗಳ ಮೊಟ್ಟೆ ಇರುತ್ತವೆ, ಆ ಮೊಟ್ಟೆಗಳು ಮಣ್ಣಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯಬಲ್ಲವು. ಮಣ್ಣಾಡಿದ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆ. ತರಕಾರಿಗೆ, ಸೊಪ್ಪಿಗೆ ಎಂದೂ ಬಳಸಬಾರದು, ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ತಪ್ಪಿಸಬಾರದು.

ಅದಕ್ಕೇ ಗುಂಡಿ ತೋಡಿದೆವು. ಬಣ್ಣದ ಅಂಗಡಿಯಿಂದ ಮುಚ್ಚಳವಿರುವ ಎರಡು ಹಳೆಯ ಪ್ಲಾಸ್ಟಿಕ್ ಡ್ರಮ್ಮು ತಂದು, ನಮ್ಮ ಮನೆಯವರು ತಳ ಕತ್ತರಿಸಿ, ಪಕ್ಕಕ್ಕೆಲ್ಲ ಕಾಯಿಸಿದ ಕಬ್ಬಿಣದ ಸರಳಿನಿಂದ ತೂತು ಹಾಕಿದರು. ಸಂಪಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ, ಕಾಂಪೌಂಡಿನ ಇನ್ನೊಂದು ಮೂಲೆಯಲ್ಲಿ ಎರಡೂ ಡ್ರಮ್ಮನ್ನು ಕತ್ತಿನವರೆಗೆ ಹೂತೆವು. ಬೆಳಿಗ್ಗೆ ಹಳೆ ಪೇಪರಿನಲ್ಲಿ ಎತ್ತಿದ್ದನ್ನು ಪೇಪರಿನ ಸಮೇತ ಒಂದು ಡ್ರಮ್ಮಿಗೆ ಹಾಕಿ, ಮೇಲೆ ಎರಡು ಹಿಡಿ ಒಣ ಎಲೆಯೋ ಮರದ ಹೊಟ್ಟೋ, ಹಂಡೆ ಒಲೆಯ ಬೂದಿ ಸ್ವಲ್ಪ. ವಾಸನೆ ಬರಲಿಲ್ಲ. ಮೊದಲ ಮಳೆಗಾಲದಲ್ಲಿ ಮಾತ್ರ ನೀರು ತುಂಬಿ ಕೆಟ್ಟ ನಾತ ಬಂತು. ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬು ಸುತ್ತಿ, ಸುತ್ತಲೂ ಮಣ್ಣಿನ ಏರಿ ಕಟ್ಟಿದ ಮೇಲೆ ಸರಿಹೋಯಿತು. ಒಂದು ಡ್ರಮ್ಮು ತುಂಬಲು ನಮಗೆ ಹತ್ತು ತಿಂಗಳು ಹಿಡಿಯಿತು. ತುಂಬಿದ್ದನ್ನು ಮುಚ್ಚಿ ಒಂದು ವರ್ಷ ಮುಟ್ಟದೆ ಬಿಟ್ಟು, ಎರಡನೆಯದನ್ನು ಶುರು ಮಾಡುವುದು.

ಆದ ಗೊಬ್ಬರ ಯಾವ ಗಿಡಕ್ಕೆ ಅನ್ನುವುದಕ್ಕೆ ಮನೆಯಲ್ಲಿ ದೊಡ್ಡ ಮಾತುಕತೆಯೇ ನಡೆಯಿತು. ನಾನು ದಾಸವಾಳ ಅಂದೆ.

“ದೇವ್ರಿಗೆ ಇಡೋ ಹೂವಿನ ಗಿಡಕ್ಕೆ ನಾಯಿ ಹೇಲಾ? ನಾನಿರೋವರ್ಗೂ ಆಗಲ್ಲ” ಅಂದರು ಅತ್ತೆ.

ಅವರ ಮಾತಿಗೆ ಎದುರು ಹೇಳಲಿಲ್ಲ. ಪೂಜೆ ಅವರ ಜೀವ. ಕಣಗಿಲೆಯೂ ಆಗುವುದಿಲ್ಲ. ಅದರ ಎಲೆ, ಹೂವು ಎಲ್ಲವೂ ನಾಯಿಗೆ ವಿಷ ಅಂತ ಆಗಲೇ ಕಿತ್ತು ಹಾಕಿದ್ದೆ. ಕೊನೆಗೆ ಎಲ್ಲರೂ ಒಪ್ಪಿದ್ದು ಗೇಟಿನ ಹೊರಗಿನ ಹೊಂಗೆ ಮರಕ್ಕೆ. ಅದರ ಹೂವನ್ನು ಯಾರೂ ಮುಡಿಯುವುದಿಲ್ಲ, ಕಾಯಿಯನ್ನು ಯಾರೂ ತಿನ್ನುವುದಿಲ್ಲ.

ಮುದ್ದಿಯ ವಿಚಾರದಲ್ಲಿ ಕಲಿತದ್ದು ಬೇರೆ. ಅವಳು ಮಲಮೂತ್ರ ಮಾಡುವ ಟ್ರೇಗೆ ಮೊದಲು ಅಂಗಡಿಯ ಮಣ್ಣು ತರುತ್ತಿದ್ದೆವು, ಒದ್ದೆಯಾದರೆ ಉಂಡೆ ಕಟ್ಟುವಂಥದ್ದು. ಬೆಂಟೊನೈಟ್ ಅನ್ನುವ ಜೇಡಿ ಅದು. ನೆಲ ಅಗೆದು ತೆಗೆದು, ಒಣಗಿಸಿ, ಚೀಲಕ್ಕೆ ತುಂಬಿ, ಎಲ್ಲಿಂದಲೋ ಲಾರಿಯಲ್ಲಿ ಬಂದು, ನಮ್ಮ ಮನೆಯಲ್ಲಿ ಒಂದು ವಾರ ಇದ್ದು, ವಿದ್ಯಾರಣ್ಯಪುರದ ಸೂಯೇಜ್ ಫಾರ್ಮಿನ ಕಸದ ಗುಡ್ಡಕ್ಕೆ ಹೋಗುವುದು. ಅದು ಕೊಳೆಯುವುದೂ ಇಲ್ಲ. ಒಮ್ಮೆ ನಮ್ಮ ಮನೆಯವರು ಆ ಉಂಡೆಗಳನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟರು. ಪೈಪಿನೊಳಗೆ ಊದಿಕೊಂಡು ಕಲ್ಲಾಗಿ, ಪ್ಲಂಬರು ಅರ್ಧ ದಿನ ಹೆಣಗಿದರು. ಬದಲಿಗೆ ಸಾಮಿಲ್ಲಿನ ಮರದ ಹೊಟ್ಟು ತಂದೆ. ನುಣ್ಣಗಿದ್ದ ಪುಡಿಗೆ ಮುದ್ದಿ ಸೀನತೊಡಗಿದಳು. ಪ್ಲೈವುಡ್ ಕೊರೆದ ಹೊಟ್ಟಿನಲ್ಲಿ ಅಂಟು ಬೆರೆತಿರುತ್ತದೆ, ಅದಂತೂ ಬೇಡವೇ ಬೇಡ. ಮಂಡ್ಯದಲ್ಲಿ ನಮ್ಮ ದೊಡ್ಡಣ್ಣನ ಮನೆ ಹತ್ತಿರ ತೆಂಗಿನ ನಾರು ಮಾಡುತ್ತಾರೆ. ಅಲ್ಲಿ ಉಳಿಯುವ ನಾರಿನ ಪುಡಿಯನ್ನು ಎರಡು ಚೀಲ ತಂದು, ಜರಡಿ ಹಿಡಿದು, ಬಿಸಿಲಿಗೆ ಹಾಕಿ ಒಣಗಿಸಿ ಟ್ರೇಗೆ ಹಾಕಿದೆ. ಹಳೆಯ ಮಣ್ಣಿನ ಜೊತೆ ದಿನಕ್ಕೆ ಎರಡೆರಡು ಹಿಡಿ ಬೆರೆಸಿ, ಹದಿನೈದು ದಿನದಲ್ಲಿ ಪೂರ್ತಿ ಬದಲಾಯಿಸಿದ್ದರಿಂದ ಅವಳಿಗೆ ಗೊತ್ತೇ ಆಗಲಿಲ್ಲ. ಮೂತ್ರವನ್ನು ಅದು ಚೆನ್ನಾಗಿ ಹೀರುತ್ತದೆ. ಉಂಡೆ ಕಟ್ಟುವುದಿಲ್ಲ, ಕಾಲಿಗೆ ಅಂಟಿ ಮನೆಯೆಲ್ಲ ಕಂದು ಪುಡಿ. ಟ್ರೇ ಮುಂದೆ ಒಂದು ಗೋಣಿತಾಟು ಹಾಸಿದ್ದೇನೆ, ಗುಡಿಸುವುದು ನನಗೆ ಬೇಸರವಿಲ್ಲ.

ಬೆಕ್ಕಿನ ಮಲವನ್ನು ದಿನಾ ತೆಗೆಯಲೇಬೇಕು. ಟೊಕ್ಸೊಪ್ಲಾಸ್ಮಾ ಅನ್ನುವ ಜೀವಾಣು ಅದರಲ್ಲಿದ್ದರೆ ಒಂದು ದಿನ ಕಳೆದ ಮೇಲೆಯೇ ಅಂಟುವ ಸ್ಥಿತಿಗೆ ಬರುತ್ತದೆ. ನನ್ನ ನಾದಿನಿ ಬಸುರಿಯಾಗಿ ಬಂದಿದ್ದಾಗ ಟ್ರೇ ಹತ್ತಿರ ಅವಳನ್ನು ಬಿಡುತ್ತಲೇ ಇರಲಿಲ್ಲ.

ಮುದ್ದಿ ಒಂದು ದಿನ ಬೆಳಗಿನ ಜಾವ ಪಿಕಳಾರದ ಮರಿಯೊಂದನ್ನು ಬಾಯಲ್ಲಿ ಕಚ್ಚಿ ತಂದು ನನ್ನ ಕಾಲ ಬುಡದಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು. ತಾಯಿ ಹಕ್ಕಿ ಎರಡು ದಿನ ಕರಿಬೇವಿನ ಗಿಡದಲ್ಲಿ ಕೂತು ಕೂಗಿತು. ಬೆಕ್ಕಿನ ತಪ್ಪು ಅದರಲ್ಲಿ ಏನೂ ಇಲ್ಲ, ಬಾಗಿಲು ತೆರೆದು ಬಿಟ್ಟವಳು ನಾನು. ಈಗ ಅವಳು ಮನೆಯೊಳಗೇ. ವರಾಂಡಾಕ್ಕೆ ಸೊಳ್ಳೆ ಪರದೆಯ ಗಟ್ಟಿ ಜಾಲರಿ ಬಡಿಸಿದ್ದೇವೆ. ಅಲ್ಲಿ ಕೂತು ಹೊರಗಿನದನ್ನೆಲ್ಲ ನೋಡುತ್ತಾಳೆ.

ಊಟದ ವಿಚಾರಕ್ಕೆ ಬಂದರೆ, ದೊಡ್ಡ ಚೀಲದ ಒಣ ತಿಂಡಿಯನ್ನು ಬೆಳ್ಳಿಗೆ ಕಡಿಮೆ ಮಾಡಿದ್ದೇವೆ. ಆ ಚೀಲ ಹಲವು ಪದರದ ಪ್ಲಾಸ್ಟಿಕ್ಕು, ಗುಜರಿಯವರೂ ಮುಟ್ಟುವುದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಒಬ್ಬರು ಲೆಕ್ಕ ಹಾಕಿದಂತೆ, ಆ ದೇಶದಲ್ಲಿ ಮಾಂಸ ಉತ್ಪಾದನೆಯಿಂದ ಪರಿಸರದ ಮೇಲೆ ಬೀಳುವ ಹೊರೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಾಯಿ ಬೆಕ್ಕುಗಳ ಊಟದ್ದಂತೆ. ನಮ್ಮ ಬೀದಿಯ ಕೋಳಿ ಅಂಗಡಿಯಲ್ಲಿ ಜನ ಬೇಡವೆನ್ನುವ ಗುಂಡಿಗೆ, ಕತ್ತು, ಕಾಲು ಸಂಜೆ ಹೊತ್ತಿಗೆ ಉಳಿದಿರುತ್ತವೆ. ಅದನ್ನೇ ತಂದು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಮೂಳೆ ಒಂದೂ ಉಳಿಯದಂತೆ ಬಿಡಿಸುತ್ತೇನೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಆ ಸಾರಿನಲ್ಲೇ ರಾಗಿ ಅಂಬಲಿ ಗಟ್ಟಿಯಾಗಿ ಕಾಸಿ, ಸಿಹಿಗುಂಬಳ ಕಿವುಚಿ ಹಾಕುತ್ತೇನೆ. ಈಲಿ ಕೊಡುವುದು ವಾರಕ್ಕೊಮ್ಮೆ, ಚೂರು ಮಾತ್ರ, ಜಾಸ್ತಿಯಾದರೆ ಅದೂ ಕೆಡುಕು. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಬಾಡು ಬೇಯಿಸುವುದಿಲ್ಲ, ಹಿಂದಿನ ದಿನವೇ ಹಂಡೆ ಒಲೆಯಲ್ಲಿ ಬೇಯಿಸಿಟ್ಟಿರುತ್ತೇನೆ. ಮನೆ ಊಟ ಅಂದಾಕ್ಷಣ ಪೂರ್ತಿ ಆಹಾರ ಅಂತಲ್ಲ. ಸುಣ್ಣದ ಅಂಶಕ್ಕೆ ಮೊಟ್ಟೆಚಿಪ್ಪಿನ ಪುಡಿ ಎಷ್ಟು, ಇನ್ನೇನು ಸೇರಿಸಬೇಕು ಅನ್ನುವುದನ್ನು ಡಾಕ್ಟರನ್ನು ಕೇಳಿಯೇ ಹಾಕುತ್ತಿದ್ದೇನೆ.

ಮುದ್ದಿಗೆ ಮಾತ್ರ ಒಣ ತಿಂಡಿ ಬಿಟ್ಟಿಲ್ಲ, ಜೊತೆಗೆ ಕೋಳಿ ಗುಂಡಿಗೆ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಮಾಂಸದಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಕ್ಕನ್ನು ಮೊಸರನ್ನದಲ್ಲಿ ಸಾಕುತ್ತೇವೆ, ನಮ್ಮದು ಪರಿಸರಕ್ಕೆ ಒಳ್ಳೆಯ ಮನೆ ಅಂತ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಜೀವಕ್ಕೆ ಅದು ಹಿಂಸೆ.

ಹಾಸಿಗೆ ಕೊಂಡದ್ದೇ ಇಲ್ಲ. ಗೋಣಿಚೀಲದ ಒಳಗೆ ನನ್ನ ಹೊಲಿಗೆಯ ಕಟಿಂಗ್ ಚೂರು ತುಂಬಿ, ಮೇಲೆ ಹಳೆ ಸೀರೆಯ ಗವಸು. ಗುಂಡಿ, ಪಿನ್ನು, ದಾರದ ಗಂಟು ಸೇರದಂತೆ ಆರಿಸಿ ತುಂಬಬೇಕು. ವಾರಕ್ಕೊಮ್ಮೆ ಗವಸು ಕುದಿಯುವ ನೀರಿಗೆ, ಚೀಲ ಬಿಸಿಲಿಗೆ. ಇಬ್ಬರಿಗೂ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ. ಬೆಳ್ಳಿಯನ್ನು ಮರಳಿನ ಗುಡ್ಡೆಯಲ್ಲಿ ಕಂಡದ್ದು ನೆನಪಿರುವವರಿಗೆ ಅದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ.

ಮೊದಲ ಡ್ರಮ್ಮನ್ನು ಮುಚ್ಚಿ ವರ್ಷ ತುಂಬಿದ ಮೇಲೆ, ಒಂದು ಭಾನುವಾರ ತೆರೆದೆವು. ನಮ್ಮ ಮನೆಯವರು ಹಾರೆ ಹಾಕಿ ಮುಚ್ಚಳ ಎತ್ತಿದರು. ಕತ್ತಿನವರೆಗೆ ತುಂಬಿದ್ದು ಮೊಣಕಾಲಷ್ಟಕ್ಕೆ ಇಳಿದಿತ್ತು. ಕಪ್ಪು ಮಣ್ಣು, ಅದರಲ್ಲಿ ಅಲ್ಲಲ್ಲಿ ಅರ್ಧ ಕರಗಿದ ಹೊಂಗೆ ಎಲೆಯ ನಾರು, ಒಂದು ಕಡೆ ಪೇಪರಿನ ಚೂರಿನ ಮೇಲೆ ಇನ್ನೂ ಓದಲು ಬರುವ ಎರಡು ಅಕ್ಷರ. ವಾಸನೆ ಮಳೆ ಬಿದ್ದ ನೆಲದ್ದು. ಕೈಗವಸು ಹಾಕಿಕೊಂಡು ಹೊಂಗೆಯ ಬುಡದಿಂದ ಎರಡಡಿ ದೂರದಲ್ಲಿ ಸುತ್ತ ಪಾತಿ ತೋಡಿ, ತುಂಬಿಸಿ, ಮೇಲೆ ಒಂದು ಗೇಣು ಮಣ್ಣು ಮುಚ್ಚಿದೆವು. ಅತ್ತೆ ಗೇಟಿನ ಒಳಗೇ ನಿಂತು ನೋಡಿದರು. ಕೆಲಸ ಮುಗಿದ ಮೇಲೆ ಎಲ್ಲರೂ ತಲೆಗೆ ಸ್ನಾನ ಮಾಡಿಯೇ ಒಳಗೆ ಬರಬೇಕು ಅಂದರು, ಬಂದೆವು.

ಎರಡನೇ ಡ್ರಮ್ಮಿಗೆ ಈಗ ಮುಚ್ಚಳ ಬಿದ್ದಿದೆ. ಮುಚ್ಚಿದ ತಾರೀಖನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದಿದ್ದೆ, ಮೊನ್ನೆಯ ಮಳೆಗೆ ಅಳಿಸಿಹೋಯಿತು. ಮೊಳೆಯಿಂದ ಗೀರಿ ಮತ್ತೆ ಬರೆದಿದ್ದೇನೆ.